ತೂಕದ ಯಂತ್ರ ಹೇಳದ ಮಾತು



ಕಳೆದ ತಿಂಗಳು ನೌಬಾದದ ನಮ್ಮ ನೆರೆಮನೆಯ ಸಹೋದರಿಯೊಬ್ಬರು ಬಂದಿದ್ದರು. ಅವರ ತಾಯಿಗೆ ಸಕ್ಕರೆ ಕಾಯಿಲೆಯಿದೆ. "ನೀವೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ" ಎಂದಾಗ ನಕ್ಕುಬಿಟ್ಟರು. "ಆಪಾ, ನನ್ನ ತೂಕ ಬರೀ ಐವತ್ತು ಕಿಲೋ. ಆ ಕಾಯಿಲೆ ದಪ್ಪಗಿದ್ದವರಿಗಲ್ಲವೇ?"

ನಮ್ಮಲ್ಲಿ ಹೆಚ್ಚಿನವರ ನಂಬಿಕೆ ಇದೇ. ಬನ್ನಿ, ಲೆಕ್ಕ ಹಾಕಿ ನೋಡೋಣ.

ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ನೋಡಲು ವೈದ್ಯರು ಬಿ.ಎಂ.ಐ. ಎಂಬ ಲೆಕ್ಕ ಬಳಸುತ್ತಾರೆ. ಎತ್ತರವನ್ನು ಮೀಟರಿನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿ. ಬಂದ ಸಂಖ್ಯೆಯಿಂದ ನಿಮ್ಮ ತೂಕವನ್ನು ಭಾಗಿಸಿ. ಆ ಸಹೋದರಿಯ ಎತ್ತರ 1.5 ಮೀಟರ್. ಗುಣಿಸಿದರೆ 2.25. ಐವತ್ತನ್ನು ಅದರಿಂದ ಭಾಗಿಸಿದರೆ 22.2.

18.5ಕ್ಕಿಂತ ಕಡಿಮೆಯಾದರೆ ತೂಕ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಂತೆ 25 ಮುಟ್ಟಿದರೆ ಅಧಿಕ ತೂಕ. ಆದರೆ ಭಾರತೀಯರು 23ಕ್ಕೇ ಎಚ್ಚರಗೊಳ್ಳಬೇಕೆಂದು ನಮ್ಮ ದೇಶದ ತಜ್ಞರು 2009ರಲ್ಲಿ ಹೇಳಿದರು. ಹೇಗೆ ನೋಡಿದರೂ ನಮ್ಮ ಸಹೋದರಿ ಪಾಸಾದರು!

ಆದರೆ ಈ ಲೆಕ್ಕಕ್ಕೆ ಕೊಬ್ಬು ಯಾವುದು, ಮಾಂಸಖಂಡ ಯಾವುದು ಎಂದು ಗೊತ್ತಾಗುವುದಿಲ್ಲ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮಿಬ್ಬರ ದೇಹವನ್ನೇ ಅಳೆದ ವಿವರವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಕೊಬ್ಬಿನ ಪಾಲು ಮಾತ್ರ ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2!

ನಮ್ಮ ನೌಬಾದದಲ್ಲಿ ಬಹಮನಿ ಕಾಲದ ಕರೇಜ್ ಇದೆಯಲ್ಲ, ಮೇಲೆ ನಿಂತವರಿಗೆ ಬಾವಿಯ ಬಾಯಿಗಳಷ್ಟೇ ಕಾಣುತ್ತವೆ, ಸುರಂಗ ನೆಲದೊಳಗಿದೆ. ಹೊಟ್ಟೆಯೊಳಗಿನ ಕೊಬ್ಬೂ ಹಾಗೆಯೇ. ತೆಳ್ಳಗಿನ ಕೈಕಾಲು ನೋಡಿದರೆ ತಿಳಿಯದು. ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೆ ದಾರಿ ಮಾಡುವುದು ಮುಖ್ಯವಾಗಿ ಆ ಕೊಬ್ಬು.

ಅದನ್ನು ಅಂದಾಜು ಮಾಡಲು ಬಟ್ಟೆ ಹೊಲಿಯುವ ಟೇಪ್ ಸಾಕು. ನೇರವಾಗಿ ನಿಂತು, ಉಸಿರು ಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಅಳೆಯಿರಿ. ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಮಿತಿ. ನಮ್ಮ ಸಡಿಲ ಉಡುಪಿನಲ್ಲಿ ಹೊಟ್ಟೆ ಬೆಳೆದದ್ದು ಗೊತ್ತಾಗುವುದಿಲ್ಲ. ಸಲ್ವಾರಿನ ಲಾಡಿಯನ್ನು ಸ್ವಲ್ಪ ಸಡಿಲಿಸಿದರೆ ಮುಗಿಯಿತು!

ಎರಡು ಎಚ್ಚರಿಕೆ. ಗರ್ಭಿಣಿಯರಿಗೆ ಈ ಅಳತೆಗಳು ಅನ್ವಯಿಸುವುದಿಲ್ಲ. ಮಕ್ಕಳಿಗೆ ವಯಸ್ಸಿಗೆ ತಕ್ಕ ಬೇರೆ ಪಟ್ಟಿಯಿದೆ. ಇನ್ನು, ಕಾಲಿಟ್ಟರೆ ಕೊಬ್ಬಿನ ಪ್ರಮಾಣ ತೋರಿಸುವ ಯಂತ್ರಗಳು ದೇಹದಲ್ಲಿ ಸಣ್ಣ ವಿದ್ಯುತ್ ಹರಿಸಿ ಅಂದಾಜು ಮಾಡುತ್ತವೆ. ದೇಹದ ನೀರು ಹೆಚ್ಚುಕಡಿಮೆಯಾದರೆ ಅವುಗಳ ಅಂಕಿಯೂ ಬದಲಾಗುತ್ತದೆ. ಉಪವಾಸದ ಸಂಜೆ ಅದನ್ನು ನೋಡಿ ಹಿಗ್ಗಬೇಡಿ, ಕುಗ್ಗಲೂಬೇಡಿ.

ಅಂದು ಆ ಸಹೋದರಿಯ ಸೊಂಟ ಅಳೆದೆವು. 86 ಸೆಂಟಿಮೀಟರ್! ಅವರ ನಗು ನಿಂತಿತು. ಮರುದಿನವೇ ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಮಿತಿ ಮೀರಿತ್ತು. ಸಮಯಕ್ಕೆ ಗೊತ್ತಾದದ್ದೇ ಒಳ್ಳೆಯದಾಯಿತೆಂದು ವೈದ್ಯರು ಹೇಳಿದರಂತೆ. ಈಗ ದಿನವೂ ನಡೆಯುತ್ತಾರೆ, ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿ ಬೇಳೆ, ತರಕಾರಿ ಹೆಚ್ಚಿಸಿದ್ದಾರೆ.

ಟೇಪ್ ನಿಮ್ಮ ಹೊಲಿಗೆಯ ಡಬ್ಬದಲ್ಲೇ ಇದೆ. ಇಂದೇ ತೆಗೆಯಿರಿ. ನಿಮ್ಮದನ್ನಷ್ಟೇ ಅಲ್ಲ, ಮನೆಯ ಯಜಮಾನರದ್ದನ್ನೂ ಅಳೆಯಿರಿ.