ಎರಡನೆಯ ಬಟ್ಟಲು ಗಂಜಿ

ಕಳೆದ ವಾರ ಮೊಮ್ಮಗಳು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದಳು. ಅವಳ ಶಾಲೆಯಲ್ಲಿ ಚಾರ್ಲ್ಸ್ ಡಿಕನ್ಸನ 'ಆಲಿವರ್ ಟ್ವಿಸ್ಟ್' ಕಾದಂಬರಿಯ ಸಂಗ್ರಹರೂಪವನ್ನು ಓದಿಸುತ್ತಿದ್ದಾರೆ. "ತಾತ, ಆ ಹುಡುಗರಿಗೆ ಅಷ್ಟೊಂದು ಹಸಿವಾಗುತ್ತಿದ್ದರೆ ಅಲ್ಲಿಂದ ಹೊರಟುಹೋಗಬಹುದಿತ್ತಲ್ಲ, ಅವರ ಅಪ್ಪ ಅಮ್ಮ ಎಲ್ಲಿದ್ದರು?" ಎಂದಳು. ತಿಳಿದಷ್ಟು ಹೇಳಿದೆ. ಫೋನು ಕೆಳಗಿಟ್ಟ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಸುಮಾರು ನಲವತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ್ದ. "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದಿದ್ದೆ.

ನಿಮ್ಮಲ್ಲಿ ಕೆಲವರಿಗಾದರೂ ಆ ಪಾಠ ನೆನಪಿರಬಹುದು. ನಾನ್‌ ಡೀಟೇಲ್ಡ್ ಪುಸ್ತಕವೆಂದರೆ ಮೇಷ್ಟರಿಗೂ ಮಕ್ಕಳಿಗೂ ಸ್ವಲ್ಪ ಬಿಡುವು. ನಾನು ಸೀಮೆಸುಣ್ಣದ ಡಬ್ಬಿಯ ಮುಚ್ಚಳವನ್ನೇ ಬಟ್ಟಲು ಮಾಡಿಕೊಂಡು, ಭುಜ ಕುಗ್ಗಿಸಿ, ಧ್ವನಿ ತೆಳ್ಳಗೆ ಮಾಡಿ, ಆಲಿವರ್ ಇನ್ನಷ್ಟು ಗಂಜಿ ಕೇಳುವ ಪ್ರಸಂಗವನ್ನು ಅಭಿನಯಿಸುತ್ತಿದ್ದೆ. ತರಗತಿ ಗೊಳ್ಳೆಂದು ನಗುತ್ತಿತ್ತು. ಪ್ರತಿ ವರ್ಷವೂ ನಗುತ್ತಿತ್ತು. ಒಳ್ಳೆಯ ಮೇಷ್ಟರೆಂಬ ಹೆಸರು ನನಗೆ ಬಂದದ್ದರಲ್ಲಿ ಆ ಮುಚ್ಚಳದ ಪಾಲೂ ಉಂಟು.

ಈಗ ಹೇಳಬೇಕೆನಿಸುತ್ತದೆ: ಆ ಪಾಠವನ್ನು ನಾನು ತಪ್ಪಾಗಿ ಮಾಡಿದೆ. ಕಥೆಯನ್ನು ತಪ್ಪಾಗಿ ಹೇಳಿದೆನೆಂದಲ್ಲ. ಕಥೆ ಸರಿಯಾಗಿಯೇ ಇತ್ತು. ಕೆಟ್ಟ ಜನರ ಕೈಗೆ ಸಿಕ್ಕ ಅನಾಥ ಬಾಲಕನ ಕಥೆಯೆಂದು ಅದನ್ನು ಹೇಳಿದೆ. ಆ ಕೆಟ್ಟತನ ಕಾನೂನಾಗಿತ್ತು ಎಂಬುದನ್ನು ಹೇಳಲಿಲ್ಲ. ಹೇಳಲು ನನಗೂ ಆಗ ಗೊತ್ತಿರಲಿಲ್ಲ ಎಂಬುದು ನಿಜ, ಆದರೆ ತಿಳಿದುಕೊಳ್ಳಲು ಯಾರೂ ಅಡ್ಡಿಮಾಡಿರಲಿಲ್ಲ.

ಇಂಗ್ಲೆಂಡಿನಲ್ಲಿ 1601ರ ಕಾಯಿದೆಯಿಂದ ಮೊದಲುಗೊಂಡು ಬಡವರ ಪೋಷಣೆ ಆಯಾ ಪ್ಯಾರಿಷ್‌ನ ಹೊಣೆಯಾಗಿತ್ತು. ಊರಿನ ಆಸ್ತಿವಂತರಿಂದ ತೆರಿಗೆ ಎತ್ತಿ, ಕೆಲಸವಿಲ್ಲದವರಿಗೆ, ಮುದುಕರಿಗೆ, ವಿಧವೆಯರಿಗೆ ಅವರವರ ಮನೆಗೇ ಒಂದಿಷ್ಟು ಹಣವೋ ರೊಟ್ಟಿಯೋ ಕೊಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಈ ತೆರಿಗೆ ಏರುತ್ತ ಹೋಯಿತು, ತೆತ್ತವರು ಗೊಣಗತೊಡಗಿದರು. ಬಡವರಿಗೆ ಕೊಟ್ಟಷ್ಟೂ ಅವರು ಹೆಚ್ಚುತ್ತಾರೆಂಬ ಮಾಲ್ಥಸನ ವಾದ ಅವರಿಗೆ ಅನುಕೂಲವಾಗಿಯೇ ಒದಗಿತು. 1832ರಲ್ಲಿ ಆಯೋಗವೊಂದು ನೇಮಕವಾಗಿ, 1834ರಲ್ಲಿ ಹೊಸ ಬಡವರ ಕಾನೂನು ಬಂದಿತು. ದುಡಿಯಬಲ್ಲವನಿಗೆ ಮನೆಗೆ ನೆರವು ಕೊಡಕೂಡದು, ಬೇಕಾದರೆ ವರ್ಕ್‌ಹೌಸಿಗೆ ಬರಲಿ ಎಂಬುದು ಅದರ ತಿರುಳು. ಹೊರಗೆ ದುಡಿದು ತಿನ್ನುವ ಅತಿ ಬಡ ಕೂಲಿಯವನ ಬಾಳಿಗಿಂತ ಒಳಗಿರುವವನ ಬಾಳು ಕೀಳಾಗಿಯೇ ಇರಬೇಕು ಎಂಬುದು ಅದರ ಘೋಷಿತ ತತ್ತ್ವ. ಗಮನಿಸಿ, ಆಡಳಿತದ ಲೋಪದಿಂದ ಕೀಳಾದದ್ದಲ್ಲ, ಕೀಳಾಗಿರಲೆಂದೇ ಏರ್ಪಡಿಸಿದ್ದು. ಒಳಗೆ ಬಂದ ಸಂಸಾರವನ್ನು ಬಾಗಿಲಲ್ಲೇ ಒಡೆಯುತ್ತಿದ್ದರು: ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಹೊರಗೆ ಹೋಗುತ್ತೇನೆಂದರೆ ತಡೆಯುತ್ತಿರಲಿಲ್ಲ, ಸಂಸಾರವನ್ನೂ ಕರೆದುಕೊಂಡು ಹೋಗಬೇಕಾಗಿತ್ತು. ಹೋಗುವುದೆಲ್ಲಿಗೆ? ಹೊರಗೆ ಕೂಲಿಯಿಲ್ಲ, ನೆರವೂ ಇಲ್ಲ. ಅನಾಥ ಮಗುವಿಗಂತೂ ಕರೆದೊಯ್ಯುವವರೇ ಇರಲಿಲ್ಲ.

ಡಿಕನ್ಸ್ ಆ ವರ್ಷಗಳಲ್ಲಿ ಪಾರ್ಲಿಮೆಂಟಿನ ವರದಿಗಾರನಾಗಿದ್ದವನು. 1837ರ ಫೆಬ್ರವರಿಯಲ್ಲಿ 'ಬೆಂಟ್ಲೀಸ್ ಮಿಸಲೆನಿ' ಎಂಬ ಮಾಸಪತ್ರಿಕೆಯಲ್ಲಿ ಈ ಕಾದಂಬರಿ ಕಂತುಕಂತಾಗಿ ಬರತೊಡಗಿದಾಗ ಕಾಯಿದೆಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಆಗಿನ ಓದುಗನಿಗೆ ಅದು 'ಕ್ಲಾಸಿಕ್' ಆಗಿರಲಿಲ್ಲ; ಬೆಳಗಿನ ಪತ್ರಿಕೆಯಲ್ಲಿ ಓದಿದ ವಿವಾದವೇ ಕಥೆಯಾಗಿ ಕೈಗೆ ಬಂದಿತ್ತು. ಈ ದೃಷ್ಟಿಯಿಂದ ಓದಿದರೆ, ಮೊದಲ ಅಧ್ಯಾಯಗಳಲ್ಲಿ ಹಣದ ಅಂಕಿಗಳು ಎಷ್ಟಿವೆಯೆಂದು ಆಶ್ಚರ್ಯವಾಗುತ್ತದೆ. ಮಗುವನ್ನು ಸಾಕಲು ಕೊಟ್ಟ ಹೆಂಗಸಿಗೆ ವಾರಕ್ಕೆ ಏಳೂವರೆ ಪೆನ್ನಿ. ಆಲಿವರನನ್ನು ಕರೆದೊಯ್ಯುವವರಿಗೆ ಐದು ಪೌಂಡು. ಚಿಮಣಿ ಗುಡಿಸುವ ಗ್ಯಾಮ್‌ಫೀಲ್ಡ್ ಬಂದಾಗ ಮಂಡಲಿಯವರು ಚೌಕಾಸಿ ಮಾಡಿ ಅದನ್ನು ಮೂರು ಪೌಂಡು ಹತ್ತು ಶಿಲಿಂಗಿಗೆ ಇಳಿಸುತ್ತಾರೆ. ಸಂಗ್ರಹರೂಪಗಳಲ್ಲಿ ಮೊದಲು ಕತ್ತರಿ ಬೀಳುವುದು ಈ ಅಂಕಿಗಳಿಗೇ. ಲೆಕ್ಕ ಹೋಯಿತು, ಕಣ್ಣೀರು ಉಳಿಯಿತು.

ಇನ್ನೊಂದು ವಿವರ: ಆಲಿವರ್ ತಾನಾಗಿ ಗಂಜಿ ಕೇಳಲು ಹೋದವನಲ್ಲ. ಹಸಿದ ಹುಡುಗರು ಚೀಟಿ ಎತ್ತಿದರು, ಅವನ ಪಾಲಿಗೆ ಬಂತು. ನಾನು ಅಭಿನಯಿಸಿದಂತೆ ಅದು ಒಬ್ಬ ಪುಟ್ಟ ಹುಡುಗನ ಮುಗ್ಧ ಬೇಡಿಕೆಯಲ್ಲ. ಒಂದು ಕೋಣೆಯ ಮಕ್ಕಳೆಲ್ಲ ಸೇರಿ ಮಾಡಿದ ನಿರ್ಣಯ. ಮಂಡಲಿಯವರು ಅಷ್ಟೊಂದು ಹೆದರಿದ್ದು ಸುಮ್ಮನೆಯೇ?

ನಮ್ಮ ಶಾಲೆಯಲ್ಲಿ ನನಗಿಂತ ಹಿರಿಯರೊಬ್ಬರಿದ್ದರು, ಇಂಗ್ಲಿಷನ್ನು ನನಗಿಂತ ಚೆನ್ನಾಗಿ ಬಲ್ಲವರು. ಒಳ್ಳೆಯ ಕೃತಿಗೆ ಇತಿಹಾಸದ ಊರುಗೋಲು ಬೇಡ, ಮನುಷ್ಯನ ಹಸಿವು ಎಲ್ಲ ಕಾಲಕ್ಕೂ ಒಂದೇ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಹಸಿವು ಒಂದೇ ಆದರೂ ಹಸಿವಿಗೆ ಗುರಿಮಾಡುವ ಬಗೆ ಒಂದೇ ಅಲ್ಲ. ಅದನ್ನು ತಿಳಿಯದೆ ಓದಿದರೆ ಬಂಬಲ್ ಎಂಬ ದಪ್ಪ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡು ಪುಸ್ತಕ ಮುಚ್ಚುತ್ತೇವೆ. ಅವನನ್ನು ಸಂಬಳ ಕೊಟ್ಟು ಇಟ್ಟುಕೊಂಡವರು ತಪ್ಪಿಸಿಕೊಳ್ಳುತ್ತಾರೆ.

ಹಾಗೆಂದು ಇತಿಹಾಸ ಗೊತ್ತಾದೊಡನೆ ಡಿಕನ್ಸ್ ಹೇಳಿದ್ದೆಲ್ಲ ಸರಿಯೆಂದು ಆಗುವುದಿಲ್ಲ. ಸರ್ಕಾರ ಪ್ರಕಟಿಸಿದ ಊಟದ ಪಟ್ಟಿಗಳಲ್ಲಿ ಗಂಜಿಯ ಜೊತೆಗೆ ರೊಟ್ಟಿ, ಗಿಣ್ಣು, ಕೆಲವು ದಿನ ಮಾಂಸವೂ ಇತ್ತು. ಕಾದಂಬರಿಯಲ್ಲಿರುವುದು ಅತ್ಯುಕ್ತಿಯೆಂದು ಹೇಳುವವರಿದ್ದಾರೆ. ಪಟ್ಟಿಯಲ್ಲಿದ್ದದ್ದು ತಟ್ಟೆಗೆ ಬರುತ್ತಿತ್ತೇ ಎಂಬುದು ಬೇರೆ ಮಾತು. 1845ರಲ್ಲಿ ಆಂಡೋವರ್ ಎಂಬಲ್ಲಿ, ಗೊಬ್ಬರಕ್ಕೆಂದು ಜಜ್ಜಲು ಕೊಟ್ಟ ಮೂಳೆಗಳನ್ನು ನಿವಾಸಿಗಳು ಹಸಿವು ತಾಳದೆ ಚೀಪುತ್ತಿದ್ದರೆಂಬುದು ಬಯಲಾಗಿ ಪಾರ್ಲಿಮೆಂಟಿನಲ್ಲೇ ವಿಚಾರಣೆ ನಡೆಯಿತು. ಫೇಗಿನ್ ಪಾತ್ರದ ವಿಷಯಕ್ಕೆ ಬಂದರಂತೂ, 'ಆ ಕಾಲವೇ ಹಾಗಿತ್ತು' ಎಂಬ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ಕಳ್ಳರ ಗುರುವನ್ನು ಹೆಸರಿಗಿಂತ ಹೆಚ್ಚಾಗಿ 'ಯಹೂದಿ' ಎಂದೇ ಕರೆದದ್ದು ಆ ಕಾಲದಲ್ಲೂ ನೋಯಿಸಿತ್ತು. 1863ರಲ್ಲಿ ಎಲೈಜಾ ಡೇವಿಸ್ ಎಂಬ ಯಹೂದಿ ಮಹಿಳೆ ಡಿಕನ್ಸನಿಗೆ ಪತ್ರ ಬರೆದು ಆಕ್ಷೇಪಿಸಿದರು. ಆತ ಮೊದಲು ಸಮರ್ಥಿಸಿಕೊಂಡ, ಆಮೇಲೆ 1867ರ ಆವೃತ್ತಿಯಲ್ಲಿ ಆ ಪದವನ್ನು ಹಲವು ಕಡೆ ತೆಗೆದುಹಾಕಿದ. ಕಾಲವನ್ನು ನೆಪ ಮಾಡುವವರು ಎಲೈಜಾ ಡೇವಿಸರೂ ಅದೇ ಕಾಲದವರೆಂಬುದನ್ನು ಮರೆಯುತ್ತಾರೆ. ಮತ್ತೆ, ಕೊನೆಯಲ್ಲಿ ಆಲಿವರ್ ಒಳ್ಳೆಯ ಮನೆತನದ ರಕ್ತದವನೆಂದು ಗೊತ್ತಾಗುತ್ತದಲ್ಲ, ಅದು ನನಗೆ ಇಂದಿಗೂ ನಿರಾಸೆಯೇ. ಚೀಟಿ ಎತ್ತಿದ ಉಳಿದ ಹುಡುಗರ ಗತಿಯೇನು?

ಇದೆಲ್ಲ ಇಂಗ್ಲೆಂಡಿನ ಕಥೆ, ನಮಗೇಕೆಂದು ಕೇಳಬಹುದು. 1876-78ರ ಧಾತು ಈಶ್ವರ ಬರವನ್ನು ನಮ್ಮಜ್ಜಿ ತನ್ನ ಹಿರಿಯರಿಂದ ಕೇಳಿ ಹೇಳುತ್ತಿದ್ದಳು. ಆಗ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿತ್ತು. 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬಂದು, ಬರಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದಾಣೆ ಕಾಸು ಸಾಕೆಂದು ಇಳಿಸಿದ. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದರಿಂದ ಜೀವ ಉಳಿಯುವುದಿಲ್ಲವೆಂದು ಪ್ರತಿಭಟಿಸಿದರು. ಹೆಚ್ಚು ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ 1834ರ ತರ್ಕವೇ ಹಡಗು ಹತ್ತಿ ಇಲ್ಲಿಗೆ ಬಂದಿತ್ತೆಂದು ನನ್ನ ಅಭಿಪ್ರಾಯ. ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಮೈಸೂರು ಸೀಮೆಯಲ್ಲಿ 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ ಉಳಿದದ್ದು ಸುಮಾರು ನಲವತ್ತೆರಡು ಲಕ್ಷ.

ಪ್ರಶ್ನೆ ಕೇಳಿದ ಆ ಹುಡುಗ ಉಚಿತ ಹಾಸ್ಟೆಲಿನಲ್ಲಿದ್ದವನು. ನನ್ನ ಅಭಿನಯ ನಡೆದ ಮಾರನೆಯ ದಿನದಿಂದ ಹಾಸ್ಟೆಲಿನಲ್ಲಿ ಅವನಿಗೆ 'ಆಲಿವರ್' ಎಂದು ಅಡ್ಡಹೆಸರು ಬಿತ್ತಂತೆ. ಎರಡನೆಯ ಮುದ್ದೆಗೆ ತಟ್ಟೆ ಚಾಚಿದರೆ ಸಾಲಿನಲ್ಲಿದ್ದವರೆಲ್ಲ ತೆಳ್ಳಗಿನ ಧ್ವನಿ ಮಾಡಿ, ನನ್ನ ಹಾಗೆಯೇ ಭುಜ ಕುಗ್ಗಿಸಿ ನಗುತ್ತಿದ್ದರಂತೆ. ಅವನು ಕೇಳುವುದನ್ನೇ ಬಿಟ್ಟನಂತೆ. ಇದು ನನಗೆ ತಿಳಿದದ್ದು ನಿವೃತ್ತನಾದ ಎಷ್ಟೋ ವರ್ಷಗಳ ಮೇಲೆ, ಅವನ ಸಹಪಾಠಿಯೊಬ್ಬ ಮದುವೆ ಮನೆಯಲ್ಲಿ ತಮಾಷೆಯ ನೆನಪೆಂಬಂತೆ ಹೇಳಿದಾಗ. ಅವನು ಈ ಬರಹಗಳನ್ನು ಆಗಾಗ ಓದುತ್ತಾನೆಂದು ಕೇಳಿದ್ದೇನೆ. ಹೊರಟುಹೋಗಬಹುದಿತ್ತಲ್ಲ ಎಂದು ಕೇಳಿದ್ದೆಯಲ್ಲಪ್ಪ, ಮೇಲೆ 1834ರ ಕಾಯಿದೆಯ ಬಗ್ಗೆ ಬರೆದಿರುವುದೆಲ್ಲ ನಿನಗೆ.