ಹೊಗಳಿಕೆ ಸಾಕು, ಸಂಬಳ ಕೊಡಿ

ಬೌದ್ಧಿಕ ವಿಕಲತೆ ಇರುವವರಿಗೆ ಉದ್ಯೋಗ ಕೊಡಬೇಕೆಂದು ಹೇಳುವ ಸಭೆಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ‘ಇವರಷ್ಟು ನಿಷ್ಠೆ ಬೇರೆ ಯಾರಲ್ಲೂ ಸಿಗುವುದಿಲ್ಲ. ರಜೆ ಕೇಳುವುದಿಲ್ಲ, ಒಂದೇ ಕೆಲಸವನ್ನು ದಿನವಿಡೀ ಕೊಟ್ಟರೂ ಬೇಸರಪಡುವುದಿಲ್ಲ, ಕೆಲಸ ಬಿಟ್ಟು ಹೋಗುವುದಂತೂ ಇಲ್ಲವೇ ಇಲ್ಲ.’ ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಈ ಹೊಗಳಿಕೆಯೇ ಅವರ ಹಾದಿಗೆ ಅಡ್ಡ ನಿಂತಿದೆ ಎಂದು ನಾನು ನಂಬಿದ್ದೇನೆ. ದುಡಿಯುವ ಯಾರಿಗೇ ಆಗಲಿ ಬೇಸರಪಡುವ, ರಜೆ ಕೇಳುವ, ಸಂಬಳ ಸಾಲದೆಂದು ಬೇರೆ ಕಡೆ ಸೇರಿಕೊಳ್ಳುವ ಹಕ್ಕಿದೆ. ಆ ಹಕ್ಕನ್ನು ಚಲಾಯಿಸುವುದಿಲ್ಲ ಎಂಬ ಕಾರಣಕ್ಕೇ ಒಬ್ಬನನ್ನು ಮೆಚ್ಚಿದರೆ, ಮೆಚ್ಚಿದ್ದು ಅವನ ದುಡಿಮೆಯನ್ನಲ್ಲ, ಅವನ ಮೌನವನ್ನು.

ಆ ಮೌನದ ಬೆಲೆ ಎಷ್ಟೆಂದು ತಿಳಿಯಲು ಅಮೆರಿಕದ ಅಯೋವಾ ರಾಜ್ಯದ ಅಟಾಲಿಸ್ಸಾ ಎಂಬ ಪುಟ್ಟ ಊರಿನ ಪ್ರಕರಣವನ್ನು ನೋಡಬೇಕು. ಹೆನ್ರೀಸ್ ಟರ್ಕಿ ಸರ್ವಿಸ್ ಎಂಬ ಕಂಪನಿ ಬೌದ್ಧಿಕ ವಿಕಲತೆಯ ಗಂಡಸರನ್ನು ಟೆಕ್ಸಾಸ್‌ನಿಂದ ಕರೆತಂದು, ಹಳೆಯ ಶಾಲಾ ಕಟ್ಟಡವೊಂದರಲ್ಲಿ ಇರಿಸಿ, ಟರ್ಕಿ ಕೋಳಿಯ ಕಾರ್ಖಾನೆಯಲ್ಲಿ ದುಡಿಸಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದು ನಡೆಯಿತು. ಊಟ, ವಸತಿಯ ಲೆಕ್ಕಕ್ಕೆ ಮುರಿದುಕೊಂಡ ಮೇಲೆ ಅವರ ಕೈಗೆ ಬರುತ್ತಿದ್ದುದು ತಿಂಗಳಿಗೆ 65 ಡಾಲರ್. ಅಂಗವಿಕಲರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಲು 1938ರ ಕಾನೂನೇ ಬಾಗಿಲು ತೆರೆದಿಟ್ಟಿತ್ತು. ಊರಿನವರು ಅವರನ್ನು ದ್ವೇಷಿಸುತ್ತಿದ್ದರೇ? ಇಲ್ಲ. ಚರ್ಚಿನಲ್ಲಿ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು, ಊರ ಮೆರವಣಿಗೆಗೆ ಕರೆಯುತ್ತಿದ್ದರು, ‘ನಮ್ಮ ಹುಡುಗರು’ ಎನ್ನುತ್ತಿದ್ದರು. ಸಂಬಳ ಎಷ್ಟೆಂದು ಮಾತ್ರ ಯಾರೂ ಕೇಳಲಿಲ್ಲ. 2009ರಲ್ಲಿ ಸೋರುವ ಸೂರಿನ, ಜಿರಳೆ ತುಂಬಿದ ಆ ಕಟ್ಟಡದಿಂದ ಅವರನ್ನು ಹೊರತಂದಾಗ ಹಲವರಿಗೆ ವಯಸ್ಸೇ ಕಳೆದಿತ್ತು. 2013ರಲ್ಲಿ ಜ್ಯೂರಿ 32 ಮಂದಿಗೆ 24 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು; ಕಾನೂನಿನ ಮಿತಿಯಿಂದಾಗಿ ಅದು 16 ಲಕ್ಷಕ್ಕೆ ಇಳಿಯಿತು.

ಇದು ಅಮೆರಿಕದ ಕಥೆ ಎಂದು ಪಕ್ಕಕ್ಕಿಡುವಂತಿಲ್ಲ. ನಮ್ಮ 1948ರ ಕನಿಷ್ಠ ವೇತನ ಕಾಯ್ದೆಯ 26ನೇ ಸೆಕ್ಷನ್ ಕೂಡ ಅಂಗವಿಕಲ ನೌಕರರ ವೇತನಕ್ಕೆ ಕಾಯ್ದೆಯಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರದ ಕೈಗೆ ಕೊಟ್ಟಿತ್ತು. ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ತಂದ 1995ರ ಕಾಯ್ದೆ ದೃಷ್ಟಿ, ಶ್ರವಣ ಮತ್ತು ಚಲನೆಯ ತೊಂದರೆ ಇದ್ದವರಿಗೆ ಶೇ 3ರಷ್ಟು ಹಂಚಿ, ಬೌದ್ಧಿಕ ವಿಕಲತೆಯವರನ್ನು ಹೊರಗೇ ನಿಲ್ಲಿಸಿತು. 2016ರ ಹೊಸ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಅದರ ಶೇ 4ರಲ್ಲಿ ಕೊನೆಯ ಶೇ 1 ಮಾತ್ರ ಇವರಿಗೆ, ಅದೂ ಆಟಿಸಂ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಬಹುವಿಕಲತೆ ಇರುವವರೊಡನೆ ಹಂಚಿಕೊಂಡು. ನೇಮಕಾತಿ ಲಿಖಿತ ಪರೀಕ್ಷೆಯ ಅಂಕದಿಂದಲೇ ಆಗುವುದಾದರೆ ಈ ಸಾಲಿನಲ್ಲಿ ಯಾರು ಹಿಂದೆ ಬೀಳುತ್ತಾರೆಂದು ಊಹಿಸುವುದು ಕಷ್ಟವಲ್ಲ. ಉಳಿದದ್ದು ತರಬೇತಿ ಕೇಂದ್ರ. ಅಲ್ಲಿ ಮೇಣದ ಬತ್ತಿ, ಕಾಗದದ ಕವರು, ದೀಪಾವಳಿಗೆ ಬಣ್ಣದ ಹಣತೆ. ಇಪ್ಪತ್ತಕ್ಕೆ ಸೇರಿದವರು ನಲವತ್ತಾದರೂ ತರಬೇತಿಯಲ್ಲೇ ಇರುತ್ತಾರೆ.

‘ಅವರಿಗೆ ಕಲಿಯಲಾಗುವುದಿಲ್ಲವಲ್ಲ’ ಎನ್ನುವವರಿಗೆ ಮಾರ್ಕ್ ಗೋಲ್ಡ್ ಎಂಬ ಅಮೆರಿಕದ ಶಿಕ್ಷಕ, ಸಂಶೋಧಕ ಐವತ್ತು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದಾನೆ. ಪೆಡಲನ್ನು ಹಿಂದಕ್ಕೆ ತುಳಿದರೆ ಸೈಕಲ್ ನಿಲ್ಲಿಸುವ ಬ್ರೇಕ್ ಒಂದಿದೆ; ಅದರಲ್ಲಿ 15 ಬಿಡಿಭಾಗಗಳು. ಪದವಿ ಪಡೆದವರ ಮುಂದೆ ಸುರಿದರೂ ಕೈ ತಡವರಿಸುವಂಥದ್ದು. ತೀವ್ರ ವಿಕಲತೆಯ ಹದಿಹರೆಯದವರಿಗೆ, ವಯಸ್ಕರಿಗೆ ಅವನು ಅದನ್ನು ಜೋಡಿಸಲು ಕಲಿಸಿದ. ಭಾಗಗಳನ್ನು ಜೋಡಿಸುವ ಕ್ರಮದಲ್ಲೇ ತಟ್ಟೆಗಳಲ್ಲಿಟ್ಟ. ಯಾವ ಮೈ ಮೇಲಕ್ಕೆ ಬರಬೇಕೆಂದು ತಿಳಿಯಲು ಅದಕ್ಕೆ ಬಣ್ಣ ಹಚ್ಚಿದ. ಮಾತು ಕಡಿಮೆ ಮಾಡಿದ. ತಪ್ಪಿದಲ್ಲಿ ಕೈ ತಿದ್ದುತ್ತಿದ್ದ. ಸರಿಯಾದಲ್ಲಿ ‘ಭೇಷ್’ ಎನ್ನದೆ ಸುಮ್ಮನಿರುತ್ತಿದ್ದ. ಮಾತಿಲ್ಲವೆಂದರೆ ಸರಿಯಾಗಿದೆ ಎಂದೇ ಅರ್ಥ. ಕಲಿಯುವವನ ಗಮನ ಗುರುವಿನ ಮುಖದ ಮೇಲಲ್ಲ, ಕೈಯಲ್ಲಿರುವ ಕೆಲಸದ ಮೇಲಿರಬೇಕೆಂಬುದು ಅವನ ನಿಲುವು. ಒಂದು ರೀತಿಯಲ್ಲಿ ಹೇಳಿಕೊಟ್ಟು ಬರಲಿಲ್ಲವೆಂದರೆ ಇನ್ನೊಂದು ರೀತಿ ಹುಡುಕುವ ಹೊಣೆ ಕಲಿಸುವವನದು. ಇಷ್ಟು ಗೌರವ ಯಾವ ಹೊಗಳಿಕೆಯಲ್ಲಿದೆ?

ನಮ್ಮ ದರ್ಶಿನಿಗಳಲ್ಲಿ ಮೇಸ್ತ್ರಿ ಹೇಳುವುದು ಹೀಗೆ: ‘ಸ್ವಲ್ಪ ಹೊತ್ತು ಬಿಟ್ಟು ಆ ಕಡೆಯದೂ ನೋಡ್ಕೋ.’ ಎಷ್ಟು ಹೊತ್ತು, ಯಾವ ಕಡೆ, ಏನು ನೋಡಬೇಕು? ‘ಈ ಟ್ರೇ ತುಂಬಿದ ಕೂಡಲೇ ಲೋಟಗಳನ್ನು ಆ ಸಿಂಕಿಗೆ ಒಯ್ಯಿ’ ಎಂದು ಒಮ್ಮೆ ಮಾಡಿ ತೋರಿಸಿ, ಸೋಪಿನ ನೀರು ಎಲ್ಲಿಯವರೆಗೆ ಇರಬೇಕೆಂದು ಬಕೆಟ್ಟಿಗೆ ಕೆಂಪು ಟೇಪ್ ಅಂಟಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಇದಕ್ಕೆ ಖರ್ಚಿಲ್ಲ, ಉಳಿದ ಕೆಲಸಗಾರರಿಗೂ ಅನುಕೂಲ.

ಅಂಗವಿಕಲರೇ ದುಡಿಯುವ, 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆ 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣವನ್ನೂ ತಲುಪಿತು. ಅದರ ಬಗ್ಗೆ ನನಗೆ ನಿಜವಾದ ಹೆಮ್ಮೆಯಿದೆ. ಆದರೂ ಇಂಥವರಿಗೆಂದೇ ಪ್ರತ್ಯೇಕ ಕೆಫೆ ಇದ್ದರೆ ಸಾಕು ಎಂದು ಉಳಿದ ಹೋಟೆಲಿನವರು ಕೈ ತೊಳೆದುಕೊಳ್ಳಬಾರದು. ಪ್ರತಿ ಬೀದಿಯ ಸಾಮಾನ್ಯ ಹೋಟೆಲಿನಲ್ಲಿ, ಗೋದಾಮಿನಲ್ಲಿ, ಆಸ್ಪತ್ರೆಯ ಲಾಂಡ್ರಿಯಲ್ಲಿ ಉಳಿದವರ ಜೊತೆಗೆ ಒಬ್ಬರಾದರೂ ಇರಬೇಕು.

ಪದವೀಧರರಿಗೇ ಕೆಲಸವಿಲ್ಲದಾಗ ಇವರಿಗೇಕೆ ಎನ್ನುವ ಮಾತು ಉತ್ತರಕ್ಕೂ ಅರ್ಹವಲ್ಲ. ತಾಯಂದಿರ ಭಯ ಹಾಗಲ್ಲ. ಮಗಳು ಒಬ್ಬಳೇ ಬಸ್ ಹತ್ತಿದರೆ ಯಾರು ಏನು ಮಾಡುತ್ತಾರೋ, ಸಂಬಳದ ದಿನ ಯಾರು ಮೋಸ ಮಾಡುತ್ತಾರೋ ಎನ್ನುವ ಆತಂಕ ಹುಸಿಯಲ್ಲ. ತರಬೇತಿ ಕೇಂದ್ರದ ಗೇಟಿನೊಳಗೆ ಅವಳು ಸುರಕ್ಷಿತಳು ಎಂಬ ನೆಮ್ಮದಿಯೂ ಸಣ್ಣದಲ್ಲ. ಹತ್ತು ಜನರ ಸಣ್ಣ ಘಟಕದ ಮಾಲೀಕ ‘ಮೊದಲ ಮೂರು ತಿಂಗಳು ಪಕ್ಕದಲ್ಲಿ ನಿಂತು ಕಲಿಸುವವರ ಸಂಬಳ ಯಾರು ಕೊಡುತ್ತಾರೆ’ ಎಂದರೆ ಅದೂ ನ್ಯಾಯವಾದ ಪ್ರಶ್ನೆ. ಅಂಗವಿಕಲ ನೌಕರರ ಪರವಾಗಿ ಮಾಲೀಕರ ಪಾಲಿನ ಪಿಎಫ್, ಇಎಸ್‌ಐ ವಂತಿಗೆ ಕಟ್ಟುವ ಯೋಜನೆಯನ್ನು ಕೇಂದ್ರ ಸರ್ಕಾರ 2008ರಲ್ಲೇ ತಂದಿತು. ಆದರೆ ಬೌದ್ಧಿಕ ವಿಕಲತೆಯ ವಿಷಯದಲ್ಲಿ ದುಬಾರಿಯಾಗುವುದು ವಂತಿಗೆಯಲ್ಲ, ಜಾಬ್ ಕೋಚ್ ಎಂಬ ಮನುಷ್ಯ: ಕೆಲಸವನ್ನು ತುಂಡು ತುಂಡಾಗಿ ಬಿಡಿಸಿ ಕಲಿಸಿ, ಬಸ್ಸಿನ ದಾರಿ ರೂಢಿ ಮಾಡಿಸಿ, ಮನೆಯವರಿಗೂ ಮೇಸ್ತ್ರಿಗೂ ನಡುವೆ ನಿಂತು, ಮೆಲ್ಲಗೆ ಹಿಂದೆ ಸರಿಯುವವನು. ಮುಗಿಯದ ತರಬೇತಿಗೆ ಸುರಿಯುವ ಹಣವನ್ನು ಸರ್ಕಾರ ಈ ಕೋಚ್‌ಗಳ ಸಂಬಳಕ್ಕೆ ತಿರುಗಿಸಲಿ.

ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟೇ. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನ ಅವರಿಗೆ ಶಾಲು ಹೊದಿಸಿ ಫೋಟೊ ತೆಗೆಸಿಕೊಳ್ಳಬೇಡಿ. ನೇಮಕಾತಿ ಪತ್ರ ಕೊಡಿ. ಅದರಲ್ಲಿ ಕೆಲಸದ ಹೆಸರು, ಗಂಟೆ, ವಾರದ ರಜೆ, ಕನಿಷ್ಠ ವೇತನಕ್ಕಿಂತ ಒಂದು ರೂಪಾಯಿಯೂ ಕಡಿಮೆಯಿಲ್ಲದ ಸಂಬಳ, ಅದು ಜಮೆಯಾಗಬೇಕಾದ ಅವರದೇ ಬ್ಯಾಂಕ್ ಖಾತೆ ಎಲ್ಲವೂ ಇರಲಿ.