ಹಿಮದ ಮೇಲೆ ಮೊದಲು ನಿಲ್ಲುವುದನ್ನು ಕಲಿಯೋಣ

ಡಿಸೆಂಬರ್ ಬಂತೆಂದರೆ ಹಾಸ್ಟೆಲ್‌ನ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದೇ ಮಾತು: ಈ ಸಲ ಹಿಮ ನೋಡಲೇಬೇಕು. ಮನಾಲಿಯೋ, ಔಲಿಯೋ, ಗುಲ್ಮಾರ್ಗೋ ಎಂಬ ಚರ್ಚೆ ಶುರುವಾಗುತ್ತದೆ. ಕಾಲಿಗೆ ಸ್ಕೀ ಕಟ್ಟಿಕೊಂಡು ಇಳಿಜಾರಿನಲ್ಲಿ ಸುಂಯ್ ಎಂದು ಜಾರುವವರ ರೀಲ್ಸ್ ನೋಡಿದ ಮೇಲೆ ‘ಇದರಲ್ಲೇನಿದೆ, ನಿಂತರೆ ತಾನಾಗಿಯೇ ಜಾರುತ್ತದೆ’ ಎನಿಸುವುದು ಸಹಜ. ನಿಜ, ಜಾರುವುದನ್ನು ಯಾರೂ ಕಲಿಸಬೇಕಿಲ್ಲ. ಗುರುತ್ವಾಕರ್ಷಣೆ ಆ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಕಲಿಯಬೇಕಾದ್ದು ನಿಲ್ಲುವುದನ್ನು.

ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ವರ್ಷ ನಾನು ಗುಲ್ಮಾರ್ಗ್‌ನಲ್ಲಿ 14 ದಿನಗಳ ಬೇಸಿಕ್ ಸ್ಕೀ ಕೋರ್ಸ್ ಮಾಡಿದೆ. ಅಲ್ಲಿ ಕಲಿತದ್ದು, ಕಣ್ಣಾರೆ ಕಂಡದ್ದು ಎರಡೂ ಸೇರಿ ನನ್ನ ಅಭಿಪ್ರಾಯ ಇಷ್ಟು: ಸ್ಕೀಯಿಂಗ್‌ಗೆಂದು ಕೂಡಿಟ್ಟ ಹಣದಲ್ಲಿ ಮೊದಲ ಪಾಲು ಪಾಠಕ್ಕೆ ಹೋಗಬೇಕು, ಎರಡನೆಯ ಪಾಲು ಸುರಕ್ಷತೆಗೆ. ಹೊಸ ಜಾಕೆಟ್, ಒಳ್ಳೆಯ ಹೋಟೆಲ್, ಫೋಟೊ ಎಲ್ಲ ಆಮೇಲೆ. ನಮ್ಮಲ್ಲಿ ಬಹಳಷ್ಟು ಜನರ ಲೆಕ್ಕ ಇದಕ್ಕೆ ಉಲ್ಟಾ ಇದೆ.

ಒಂದು ಗಂಟೆಯ ಆಟ ಬೇರೆ, ಪಾಠ ಬೇರೆ

ಸೋಲಾಂಗ್ ಕಣಿವೆಯಲ್ಲಾಗಲಿ, ಗುಲ್ಮಾರ್ಗ್‌ನಲ್ಲಾಗಲಿ ನೀವು ಗಾಡಿ ಇಳಿಯುತ್ತಿದ್ದಂತೆ ಸ್ಥಳೀಯ ಹುಡುಗರು ಬಂದು ಸುತ್ತುವರಿಯುತ್ತಾರೆ. ಬೂಟು, ಸ್ಕೀ, ಕೋಲು ಕೊಟ್ಟು, ಕೈ ಹಿಡಿದು ನಾಲ್ಕು ಸಲ ಜಾರಿಸಿ, ಫೋಟೊ ತೆಗೆದುಕೊಡುತ್ತಾರೆ. ಅದು ಅವರ ಚಳಿಗಾಲದ ದುಡಿಮೆ, ಅದರಲ್ಲಿ ತಪ್ಪೇನೂ ಇಲ್ಲ. ಹಿಮದ ಮೇಲೆ ನಿಂತರೆ ಹೇಗಿರುತ್ತದೆ ಎಂದು ತಿಳಿಯಲು ಅಷ್ಟು ಸಾಕು. ಆದರೆ ಆ ಒಂದು ಗಂಟೆ ಮುಗಿಸಿ, ಮರುದಿನ ‘ನನಗೆ ಬರುತ್ತೆ’ ಎಂದು ಒಬ್ಬರೇ ಮೇಲಕ್ಕೆ ಹತ್ತುವವರ ಬಗ್ಗೆಯೇ ನನ್ನ ತಕರಾರು.

ಕೋರ್ಸ್‌ನಲ್ಲಿ ಮೊದಲ ದಿನ ನಮ್ಮನ್ನು ಯಾರೂ ಜಾರಿಸಲಿಲ್ಲ. ಸಿಮೆಂಟು ತುಂಬಿದಂತೆ ಭಾರವಾಗಿದ್ದ ಬೂಟು ಹಾಕಿಕೊಂಡು ನಡೆಯುವುದು, ಪಕ್ಕಕ್ಕೆ ಬೀಳುವುದು, ಬಿದ್ದಲ್ಲಿಂದ ಏಳುವುದು, ಏಡಿಯಂತೆ ಅಡ್ಡಡ್ಡ ಹೆಜ್ಜೆ ಇಟ್ಟು ಇಳಿಜಾರು ಹತ್ತುವುದು, ಇಷ್ಟೇ. ಆಮೇಲೆ ಬಂದದ್ದು ಸ್ನೋ ಪ್ಲೋ: ಸ್ಕೀಗಳ ಮುಂತುದಿ ಹತ್ತಿರ, ಹಿಂತುದಿ ದೂರ. ಮೇಲಿನಿಂದ ನೋಡಿದರೆ ಗಾಳದಂತೆ ಚೂಪಾದ ಮೂತಿ, ಅಗಲವಾದ ಬಾಲ. ಹಿಮ್ಮಡಿಯನ್ನು ಹೊರಗೆ ಒತ್ತಿದಷ್ಟೂ ವೇಗ ಕಡಿಮೆಯಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಇದೇ ಹೊಸಬರ ಬ್ರೇಕು. ಉಸ್ತಾದ್‌ಜೀ ಹೇಳಿದಲ್ಲಿ, ಹೇಳಿದ ಕ್ಷಣದಲ್ಲಿ ನಿಲ್ಲುವವರೆಗೆ ನಮಗೆ ಲಿಫ್ಟ್ ಸಿಗಲಿಲ್ಲ. ಪ್ರತಿ ಸಲವೂ ಸ್ಕೀ ಹೊತ್ತು ನಡೆದೇ ಹತ್ತಬೇಕಿತ್ತು. ಬೇಸರವೆನಿಸಿದರೂ ನಾಲ್ಕನೆಯ ದಿನದ ಹೊತ್ತಿಗೆ ಅದರ ಅರ್ಥ ತಿಳಿಯಿತು.

ತಿಳಿಸಿದ್ದು ಬೇರೊಬ್ಬರ ನೋವು. ನಾವು ಅಭ್ಯಾಸ ಮಾಡುತ್ತಿದ್ದ ಇಳಿಜಾರಿನ ಪಕ್ಕದಲ್ಲೇ ಪ್ರವಾಸಕ್ಕೆ ಬಂದಿದ್ದ ಹುಡುಗಿಯೊಬ್ಬಳು ನಿಂತು ಕೈಗವಸು ಸರಿಮಾಡಿಕೊಳ್ಳುತ್ತಿದ್ದಳು. ಮೇಲಿನಿಂದ ಒಬ್ಬ ಯುವಕ ನೇರವಾಗಿ ಬಂದ. ‘ಹಟೋ ಹಟೋ’ ಎಂದು ಕೂಗುತ್ತಲೇ ಇದ್ದ, ನಿಲ್ಲಿಸಲು ಅವನಿಗೆ ಬರುತ್ತಿರಲಿಲ್ಲ. ಡಿಕ್ಕಿಯಾದ ಮೇಲೆ ಅವನು ಎದ್ದು ಹಿಮ ಕೊಡವಿಕೊಂಡ. ಅವಳು ಏಳಲಿಲ್ಲ. ಸ್ಲೆಡ್ಜ್ ಮೇಲೆ ಮಲಗಿಸಿ ಕೆಳಗೆ ಒಯ್ಯುವಾಗ ಅವಳ ಕಾಲು ತಿರುಗಿದ್ದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಅರೆಬರೆ ಕಲಿಕೆಗೆ ಯಾವಾಗಲೂ ನಾವೇ ಬೆಲೆ ತೆರುತ್ತೇವೆ ಎಂದೇನಿಲ್ಲ.

ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಇದಕ್ಕೆಂದೇ ಹತ್ತು ನಿಯಮಗಳನ್ನು ಮಾಡಿದೆ. ಅವುಗಳಲ್ಲಿ ಒಂದನ್ನಾದರೂ ನೆನಪಿಡಿ: ಮುಂದೆ ಇರುವವರಿಗೆ ಆದ್ಯತೆ. ಹಿಂದಿನಿಂದ ಬರುವವರೇ ಅವರಿಗೆ ಅಪಾಯವಾಗದಂತೆ ದಾರಿ ನೋಡಿಕೊಳ್ಳಬೇಕು. ಹಾರ್ನ್ ಹೊಡೆದರೆ ಎಲ್ಲರೂ ಪಕ್ಕಕ್ಕೆ ಸರಿಯಬೇಕು ಎಂಬ ನಮ್ಮ ರಸ್ತೆಯ ಪದ್ಧತಿ ಹಿಮದ ಮೇಲೆ ನಡೆಯದು.

ತಲೆಗೆ ಹೆಲ್ಮೆಟ್, ಕಾಲಿಗೆ ಸತ್ಯ

ಪಿಯುಸಿಯ ಭೌತಶಾಸ್ತ್ರ ನೆನಪಿದ್ದರೆ ಒಂದು ಸಣ್ಣ ಲೆಕ್ಕ ಮಾಡಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಮರಕ್ಕೆ ಗುದ್ದುವುದೆಂದರೆ ಸುಮಾರು 3.5 ಮೀಟರ್ ಎತ್ತರದಿಂದ, ಅಂದರೆ ಮನೆಯ ಮೊದಲ ಮಹಡಿಯಿಂದ, ನೆಲಕ್ಕೆ ಬಿದ್ದಂತೆ. ಸ್ಕೀ ಮೇಲೆ 30 ಕಿ.ಮೀ. ದೊಡ್ಡ ವೇಗವೇನಲ್ಲ. ಬ್ರೇಕು ಬಾರದವರಿಗೆ ಅದು ಕೆಲವೇ ಸೆಕೆಂಡುಗಳಲ್ಲಿ ಬಂದುಬಿಡುತ್ತದೆ.

‘ನಾವು ಹೊಸಬರು, ಚಿಕ್ಕ ಇಳಿಜಾರಿನಲ್ಲಿ ಹೆಲ್ಮೆಟ್ ಯಾಕೆ?’ ಎನ್ನುವವರಿಗೆ ನಟಿ ನತಾಶಾ ರಿಚರ್ಡ್‌ಸನ್ ಅವರ ಕಥೆ ಹೇಳಬೇಕು. 2009ರ ಮಾರ್ಚ್‌ನಲ್ಲಿ ಕೆನಡಾದ ಮಾಂಟ್ ಟ್ರೆಂಬ್ಲಾಂಟ್‌ನಲ್ಲಿ ಅವರು ಬಿದ್ದದ್ದು ಹೊಸಬರ ಇಳಿಜಾರಿನಲ್ಲಿ, ಪಾಠದ ಸಮಯದಲ್ಲಿ. ಹೆಲ್ಮೆಟ್ ಇರಲಿಲ್ಲ. ಎದ್ದು ಚೆನ್ನಾಗಿಯೇ ಮಾತನಾಡಿದರು. ಸ್ವಲ್ಪ ಹೊತ್ತಿನ ಮೇಲೆ ತಲೆನೋವು ಶುರುವಾಯಿತು. ಎರಡು ದಿನಗಳಲ್ಲಿ ತೀರಿಕೊಂಡರು. ತಲೆಬುರುಡೆಯೊಳಗಿನ ರಕ್ತಸ್ರಾವ ಕಾರಣ. ಇಲ್ಲಿ ಪಾಠ ಎರಡು. ಹೆಲ್ಮೆಟ್ ಹಾಕಿ. ತಲೆಗೆ ಪೆಟ್ಟು ಬಿದ್ದರೆ, ಆರಾಮಾಗಿದ್ದೀನಿ ಎನಿಸಿದರೂ ವೈದ್ಯರಿಗೆ ತೋರಿಸಿ. ಹಾಗೆಂದು ಹೆಲ್ಮೆಟ್ ರಕ್ಷಾಕವಚವೂ ಅಲ್ಲ. 2013ರ ಡಿಸೆಂಬರ್‌ನಲ್ಲಿ ಫ್ರಾನ್ಸ್‌ನ ಮೆರಿಬೆಲ್‌ನಲ್ಲಿ ಗುರುತು ಮಾಡಿದ ಹಾದಿಯ ಹೊರಗೆ ಬಿದ್ದ ಮೈಕೆಲ್ ಶೂಮಾಕರ್ ಹೆಲ್ಮೆಟ್ ಹಾಕಿದ್ದರು. ಆದರೂ ತಲೆಗೆ ತೀವ್ರ ಗಾಯವಾಯಿತು.

ಬೈಕಿನ ಹೆಲ್ಮೆಟ್ ಅಲ್ಲಿ ನಡೆಯುವುದಿಲ್ಲ. ಸ್ಕೀ ಹೆಲ್ಮೆಟ್ ಹಗುರವಾಗಿರುತ್ತದೆ, ಕಿವಿ ಮುಚ್ಚುತ್ತದೆ, ಗಾಗಲ್ಸ್ ಕೂರಲು ಜಾಗವಿರುತ್ತದೆ. ಒಳಗೆ ಇಎನ್ 1077 ಎಂಬ ಗುರುತು ಇದೆಯೇ ನೋಡಿ. ಬಾಡಿಗೆಗೆ ಕೊಟ್ಟದ್ದರಲ್ಲಿ ಬಿರುಕು ಕಂಡರೆ ಬೇರೆ ಕೇಳಿ.

ಇನ್ನು ಕಾಲಿನ ಮಾತು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಎಂಬ ಕೊಂಡಿ ನಾವು ಬಿದ್ದಾಗ ಬಿಚ್ಚಿಕೊಳ್ಳಬೇಕು. ಬಿಚ್ಚಿಕೊಳ್ಳದಿದ್ದರೆ ಮೊಣಕಾಲು ತಿರುಚುತ್ತದೆ. ಎಷ್ಟು ಒತ್ತಡಕ್ಕೆ ಬಿಚ್ಚಬೇಕೆಂಬುದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ, ನಿಮಗೆಷ್ಟು ಬರುತ್ತದೆ ಎಂಬುದನ್ನು ನೋಡಿ ಹೊಂದಿಸುತ್ತಾರೆ. ಆದ್ದರಿಂದ ಅಂಗಡಿಯವರು ಕೇಳಿದಾಗ ತೂಕ ಕಡಿಮೆ ಹೇಳಬೇಡಿ, ‘ನಾನು ಪಳಗಿದವನು’ ಎಂದು ಜಂಬ ಕೊಚ್ಚಬೇಡಿ. ಅವರು ಕೇಳದಿದ್ದರೆ ನೀವೇ ಹೇಳಿ, ಕೊಂಡಿ ಹೊಂದಿಸಿಕೊಡಿ ಎನ್ನಿ.

ಏನು ಕೊಳ್ಳಬೇಕು, ಏನು ಬಾಡಿಗೆ? ಸ್ಕೀ, ಬೂಟು, ಕೋಲು ಬಾಡಿಗೆಗೆ ಸಾಕು. ಎರಡು ಜೊತೆ ಉಣ್ಣೆಯ ಸಾಕ್ಸ್, ಥರ್ಮಲ್ಸ್, ನೀರಿಳಿಯದ ಕೈಗವಸು, ಗಾಗಲ್ಸ್, ಸನ್‌ಸ್ಕ್ರೀನ್ ಸ್ವಂತದ್ದಿರಲಿ. ಜೀನ್ಸ್ ಬೇಡ, ಒದ್ದೆಯಾದರೆ ಮೈ ಕೊರೆಯುತ್ತದೆ. ಎರಡೆರಡು ಸಾಕ್ಸ್ ಹಾಕಿದರೆ ಕಾಲು ಬೆಚ್ಚಗಿರುತ್ತದೆ ಎನ್ನುವುದು ತಪ್ಪು. ರಕ್ತ ಸಂಚಾರ ತಗ್ಗಿ ಇನ್ನೂ ಮರಗಟ್ಟುತ್ತದೆ. ಗಾಗಲ್ಸ್ ಷೋಕಿಗಲ್ಲ. ಹೊಸ ಹಿಮ ನೇರಳಾತೀತ ಕಿರಣಗಳನ್ನು ಶೇ 80ರವರೆಗೂ ಪ್ರತಿಫಲಿಸುತ್ತದೆ, ಬರಿಗಣ್ಣು ಒಂದೇ ದಿನದಲ್ಲಿ ಉರಿದು ನೀರು ಸುರಿಸುತ್ತದೆ.

ಟಿಕೆಟ್ ಸಿಕ್ಕಿತೆಂದು ಶಿಖರಕ್ಕೆ ಹೋಗಬೇಡಿ

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗೊಂಡೋಲಾ ಎರಡು ಹಂತದಲ್ಲಿ ನಿಮ್ಮನ್ನು ಅಫರ್ವಾತ್ ಬೆಟ್ಟದಲ್ಲಿ ಹೆಚ್ಚುಕಡಿಮೆ 4,000 ಮೀಟರ್‌ಗೆ ಏರಿಸುತ್ತದೆ. ಟಿಕೆಟ್ ಕೊಳ್ಳಲು ಸ್ಕೀಯಿಂಗ್ ಬರಬೇಕಿಲ್ಲ. ಮೇಲಿನಿಂದ ಇಳಿಯುವ ಜಾಗ ಮಾತ್ರ ಹೊಸಬರದ್ದಲ್ಲ, ಅದು ಹಿಮಕುಸಿತದ ಸೀಮೆ. 2023ರ ಫೆಬ್ರುವರಿಯಲ್ಲಿ ಅಲ್ಲಿ ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಬಲಿಯಾದರು. ಮರುವರ್ಷ ಅದೇ ತಿಂಗಳಲ್ಲಿ ರಷ್ಯಾದ ಒಬ್ಬರು. ಇವರು ಯಾರೂ ಬಾಡಿಗೆ ಬೂಟು ಹಾಕಿಕೊಂಡು ಮೊದಲ ಸಲ ಹಿಮ ಕಂಡವರಲ್ಲ.

ಅಂಥ ಜಾಗಕ್ಕೆ ಹೋಗುವವರು ಟ್ರಾನ್ಸೀವರ್, ಉದ್ದನೆಯ ಪ್ರೋಬ್ ಕಡ್ಡಿ, ಸಲಿಕೆ ಮೂರನ್ನೂ ಒಯ್ಯುತ್ತಾರೆ. ಹಿಮದಡಿ ಸಿಕ್ಕವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷ ಕಳೆದ ಮೇಲೆ ಸರ್ರನೆ ಇಳಿಯುತ್ತದೆ. ಹೊರಗಿನ ನೆರವು ಅಷ್ಟರಲ್ಲಿ ಬರುವುದು ಕಷ್ಟ, ಜೊತೆಗಿದ್ದವರೇ ಹುಡುಕಿ ಅಗೆಯಬೇಕು. ಹೀಗಾಗಿ ಈ ಸಲಕರಣೆ ಒಬ್ಬರ ಬಳಿ ಇದ್ದರೆ ಪ್ರಯೋಜನವಿಲ್ಲ, ಎಲ್ಲರ ಬಳಿ ಇರಬೇಕು, ಎಲ್ಲರಿಗೂ ಬಳಸಲು ಬರಬೇಕು. ಡಿಆರ್‌ಡಿಒದ ಅಂಗಸಂಸ್ಥೆ ಡಿಜಿಆರ್‌ಇ ಹೊರಡಿಸುವ ಹಿಮಕುಸಿತದ ಎಚ್ಚರಿಕೆಯನ್ನೂ ನೋಡಬೇಕು. ಮೊದಲೆರಡು ವರ್ಷ ನಮಗೆ ಕೆಳಗಿನ ಇಳಿಜಾರುಗಳೇ ಧಾರಾಳವಾಗಿ ಸಾಕು.

ಹೋಗುವ ಮುನ್ನ

ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂಬ ಮಾತು ಕೇಳಲು ಚೆಂದ. ಮೊಬೈಲ್ ಆ್ಯಪ್‌ನಲ್ಲಿ ಸಾಲ ತೆಗೆದು ಹಿಮ ನೋಡುವುದು ಮಾತ್ರ ಬೇಡ. ಗುಲ್ಮಾರ್ಗ್‌ನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ, ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮ ಇವೆಲ್ಲ ಹೊಸಬರಿಗೆ ಕೋರ್ಸ್ ನಡೆಸುತ್ತವೆ. ಇಂಥ ಕೋರ್ಸ್‌ಗಳಲ್ಲಿ ವಸತಿ, ಊಟ, ಸಲಕರಣೆ ಶುಲ್ಕದಲ್ಲೇ ಸೇರಿರುವುದು ಸಾಮಾನ್ಯ. ಖಾಸಗಿ ಪ್ಯಾಕೇಜಿನ ದಿನದ ಖರ್ಚಿನೊಂದಿಗೆ ಹೋಲಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ. ಸೀಟು ಸೀಮಿತ, ಮೊದಲೇ ಅರ್ಜಿ ಹಾಕಬೇಕು. ವೈದ್ಯಕೀಯ ಪ್ರಮಾಣಪತ್ರ ಕೇಳುತ್ತಾರೆ.

ಪ್ರಯಾಣದಲ್ಲಿ ಎರಡು ದಿನ ಹೆಚ್ಚುವರಿ ಇಟ್ಟುಕೊಳ್ಳಿ. ಹಿಮ ಸುರಿದರೆ ಶ್ರೀನಗರದ ವಿಮಾನ ರದ್ದಾಗುತ್ತದೆ. ಟಂಗ್‌ಮಾರ್ಗ್‌ನಿಂದ ಮೇಲಿನ 13 ಕಿ.ಮೀ. ದಾರಿಗೆ ಟಯರಿಗೆ ಸರಪಳಿ ಕಟ್ಟಿದ ಗಾಡಿಯೇ ಬೇಕಾಗುತ್ತದೆ. ಭಾನುವಾರದ ಟಿಕೆಟ್ ನಂಬಿ ಸೋಮವಾರಕ್ಕೆ ಸಂದರ್ಶನ ಒಪ್ಪಿಕೊಳ್ಳಬೇಡಿ. ಹಿಮ ಬೀಳದೆಯೂ ಇರಬಹುದು, 2024ರ ಜನವರಿಯ ಬಹುಪಾಲು ಗುಲ್ಮಾರ್ಗ್ ಬೋಳಾಗಿತ್ತು. ನಮ್ಮ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅಲ್ಲಿನ ಭದ್ರತಾ ಸೂಚನೆಗಳನ್ನೂ ಹೊರಡುವ ಮುನ್ನ ನೋಡಿಕೊಳ್ಳಿ. ತಲುಪಿದ ದಿನ ವಿಶ್ರಾಂತಿ. ತಲೆಸುತ್ತು, ವಾಕರಿಕೆ ಬಂದರೆ ಮೇಲೆ ಹತ್ತಬೇಡಿ. ವಿಮೆ ಮಾಡಿಸುವಾಗ ಸಾಹಸ ಕ್ರೀಡೆಗೆ ಅನ್ವಯಿಸುತ್ತದೆಯೇ ಎಂದು ಓದಿ, ಎಷ್ಟೋ ಪಾಲಿಸಿಗಳು ಅದನ್ನು ಹೊರಗಿಡುತ್ತವೆ. ಆರು ವಾರ ಮೊದಲೇ ಬಸ್ಕಿ ಹೊಡೆಯಲು, ಮೆಟ್ಟಿಲು ಹತ್ತಲು ಶುರು ಮಾಡಿ. ತೊಡೆಯಲ್ಲಿ ಬಲವಿಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಬ್ರೇಕೂ ಇರುವುದಿಲ್ಲ.

‘ಹಿಮವೇ ಬೀಳದ ನಾಡಿನವರಿಗೆ ಇದೆಲ್ಲ ಯಾಕೆ?’ ಎಂದು ನನ್ನನ್ನೂ ಕೇಳಿದವರಿದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು. ಅವರದು ಹಿಮದ ಮೇಲೆ ದೂರ ಕ್ರಮಿಸುವ ಕ್ರಾಸ್ ಕಂಟ್ರಿ ವಿಭಾಗ, ನಮ್ಮದು ರಜೆಯ ಖುಷಿ. ಆದರೂ ಹುಟ್ಟಿದ ಊರಲ್ಲಿ ಹಿಮ ಇರಲೇಬೇಕು ಎಂಬುದಕ್ಕೆ ಅವರೇ ಉತ್ತರ. ಕಾಲೇಜುಗಳು ಪ್ರತಿವರ್ಷ ಪ್ರವಾಸಕ್ಕೆ ಬಸ್ಸು ಮಾಡುವ ಬದಲು ಆಸಕ್ತ ಹತ್ತು ಜನರನ್ನಾದರೂ ಇಂಥ ಕೋರ್ಸಿಗೆ ಕಳಿಸಲಿ ಎಂಬುದು ನನ್ನ ಆಸೆ.

ಅದಾಗುವವರೆಗೆ, ಈ ಚಳಿಗಾಲ ಹೊರಟಿರುವ ಗೆಳೆಯರು ಹಣ ಕಟ್ಟುವ ಮೊದಲು ಪ್ಯಾಕೇಜಿನವರಿಗೆ ಮೂರು ಪ್ರಶ್ನೆ ಕೇಳಿ. ಕಲಿಸುವವರು ಎಲ್ಲಿ ತರಬೇತಿ ಪಡೆದವರು? ಒಬ್ಬ ಶಿಕ್ಷಕರಿಗೆ ಎಷ್ಟು ಜನ? ಹೆಲ್ಮೆಟ್ ಬೆಲೆಯೊಳಗೆ ಸೇರಿದೆಯೇ? ನೇರ ಉತ್ತರ ಬಾರದಿದ್ದರೆ ಫೋನ್ ಇಟ್ಟುಬಿಡಿ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವರ್ಷವೂ ಹಿಮ ಬೀಳುತ್ತದೆ.